ಸಾಲಿನ ಹಿಂದೆ ಬಿಟ್ಟ ಜಾಗ

ಮೂವರೂ ಒಂದೇ ಕೋಣೆಯಲ್ಲಿ ಕೂತು ಒಂದು ಹಾಡನ್ನೂ ಮುಗಿಸದೆ ನಮ್ಮ ಬ್ಯಾಂಡಿನ ಮೊದಲ ಒಂದೂವರೆ ವರ್ಷ ಕಳೆಯಿತು. ಹೇಳಿದರೆ ಜನ ನಗುತ್ತಾರೆ. ನಗಲಿ. ನಾನಿರುವುದು ಆಳಂದ ತಾಲೂಕಿನ ಮಾದನಹಿಪ್ಪರಗಾದಲ್ಲಿ, ತಾಳದ ಮೆಷಿನ್ ನುಡಿಸುವ ದೋಸ್ತ ಅಫಜಲಪುರದಲ್ಲಿ, ಹಾಡುವ ತಂಗಿ ಜೇವರ್ಗಿ ತಾಲೂಕಿನ ಕೊಳಕೂರದಲ್ಲಿ. ತಂಗಿ ಎಂದರೆ ಒಡಹುಟ್ಟಿದವಳಲ್ಲ, ನಮ್ಮ ಕಡೆ ಹಾಗೆ ಕರೆಯುವುದು ರೂಢಿ. ನಮ್ಮೂರಿಂದ ಆಕೆಯ ಊರು ಮುಟ್ಟಬೇಕೆಂದರೆ ಆಳಂದ, ಕಲಬುರಗಿ, ಜೇವರ್ಗಿ ಎಂದು ಬಸ್ಸು ಇಳಿದು ಹತ್ತಿ, ಹತ್ತಿ ಇಳಿದು, ಅರ್ಧ ದಿನ ಹೋಗುತ್ತದೆ. ಮೂವರಿಗೂ ಬೇರೆ ಬೇರೆ ಕೆಲಸ. ನಾನು ಮದುವೆಗಳ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದೆ, ಉಳಿದ ದಿನ ಆಂಪ್ಲಿಫೈಯರ್ ರಿಪೇರಿ. ದೋಸ್ತನದು ಮೊಬೈಲ್ ಅಂಗಡಿ. ತಂಗಿ ಜೇವರ್ಗಿಯ ಒಂದು ರಕ್ತ ತಪಾಸಣೆ ಲ್ಯಾಬಿನಲ್ಲಿದ್ದಳು.

ನಾವು ಮಾಡಲು ಹೊರಟದ್ದು ಸಿಂಥ್-ಪಾಪ್. ಇದನ್ನು ನಮ್ಮ ಆಯಿಗೆ ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕಾಗಿಹೋಗಿತ್ತು. ಆಯಿ ಎಂದರೆ ನನ್ನ ಅಜ್ಜಿ. ನಾನು ಮಾತು ಕಲಿತದ್ದು ಆಕೆಯ ಬಾಯಿಂದ. ತಬಲಾ ಇಲ್ಲ, ಪೇಟಿ ಇಲ್ಲ, ಕರೆಂಟಿನಿಂದ ಹುಟ್ಟಿಸಿದ ಸ್ವರ, ಮೆಷಿನ್ನು ಹಾಕುವ ತಾಳ, ಅದರ ಮೇಲೆ ಸಾದಾ ಮನುಷ್ಯರ ದನಿ ಎಂದೆ. ಸಿಂಥಸೈಜರಿನ ಒಂದು ಗುಂಡಿ ತಿರುಗಿಸಿ, ದನಿ ಬಾಯಿ ಮುಚ್ಚಿಕೊಂಡಂತಾಗಿ ಮತ್ತೆ ತೆರೆದುಕೊಳ್ಳುವುದನ್ನು ಕೇಳಿಸಿದೆ. ಆಯಿ ಸ್ವಲ್ಪ ಹೊತ್ತು ಕಿವಿಗೊಟ್ಟು, "ಇದು ಅಳಾಕತ್ತದೋ ನಗಾಕತ್ತದೋ ತಿಳಿವಲ್ದಲ್ಲೋ. ಯಾರರೆ ಜತಿಗಿ ಕುಂತು ಸಮಾಧಾನ ಮಾಡ್ರಿ ಅದಕ್ಕ" ಎಂದು ಎದ್ದು ಹೋದಳು.

ಗಾಣಗಾಪುರ ಮೂವರಿಗೂ ಸುಮಾರು ನಡುವೆ ಬೀಳುತ್ತದೆ. ಅಲ್ಲಿ ಒಂದು ಲಾಡ್ಜಿನ ಕೆಳಗಿನ ಚಹಾದಂಗಡಿಯಲ್ಲಿ ಮೊದಲ ಸಲ ಸೇರಿದೆವು. ದೋಸ್ತ ಮತ್ತು ನಾನು ಆರ್ಕೆಸ್ಟ್ರಾದ ಹಳೆಯ ಜೋಡಿ. ತಂಗಿಯ ದನಿಯನ್ನು ನಾನು ಕೊಳಕೂರಿಗೆ ಒಂದು ಮೈಕ್ ಸೆಟ್ ರಿಪೇರಿಗೆ ಹೋದಾಗ ಕೇಳಿದ್ದೆ. ಆಕೆಯ ಮುತ್ಯಾ, ಎಂದರೆ ಅಜ್ಜ, ಆ ಊರಿನ ಭಜನಾ ಮೇಳದಲ್ಲಿ ಮುಂದೆ ಕೂತು ಹಾಡುತ್ತಿದ್ದವರು. ಆಕೆ ಕಲಿತದ್ದೆಲ್ಲ ಅವರ ಮಗ್ಗುಲಲ್ಲಿ.

"ಹೆಸರ ಏನಿಡೂನು?" ಎಂದ ದೋಸ್ತ.

"ಇಂಗ್ಲಿಷಿನಾಗ ಏನರೆ ಇಡೂನು" ಎಂದೆ.

ತಂಗಿ ಬಶಿಯಲ್ಲಿ ಚಹಾ ಊದುತ್ತ, "ಯಾಕ್ರಿ ಅಣ್ಣಾ, ನಾವೇನ್ ಇಂಗ್ಲಿಷಿನಾಗ ಹಾಡಾಕತ್ತೀವೇನು? ಮೂರು ತಾಲೂಕು ಅಂತ ಇಡ್ರಿ. ಯಾರರೆ ಕೇಳಿದ್ರ ವಿಳಾಸನೂ ಹೇಳ್ದಂಗ ಆತು" ಎಂದಳು.

"ತಹಶೀಲ್ದಾರ ಆಫೀಸಿನ ಬೋರ್ಡ್ ಇದ್ದಂಗ ಆತಲ್ಲ ಬೇ! ಮಂದಿ ಹೊಲದ ಉತಾರ ಕೇಳ್ಕೊಂತ ಬರ್ತಾರ ನೋಡು" ಎಂದು ದೋಸ್ತ ನಕ್ಕ. ಆದರೂ ಅದೇ ಹೆಸರು ನಿಂತಿತು.

ಕೆಲಸದ ರೀತಿ ಹೀಗಿತ್ತು. ನಾನು ನಮ್ಮೂರಲ್ಲಿ ಸಿಂಥಸೈಜರ್ ನುಡಿಸಿ, ನಾಲ್ಕು ಆವರ್ತದ ಒಂದು ಸುತ್ತು ಕಟ್ಟಿ, ಕಡತವನ್ನು ದೋಸ್ತನಿಗೆ ಕಳಿಸುವುದು. ಅವನು ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಅದಕ್ಕೆ ತಾಳ ಕೂಡಿಸಿ ನನಗೆ ವಾಪಸು ಕಳಿಸುವುದು. ಅದನ್ನು ನಾನು ತಂಗಿಗೆ ಕಳಿಸಿದರೆ, ಆಕೆ ಒಂದು ಫೋನಿನಿಂದ ಕಿವಿಗೆ ಹಾಕಿಕೊಂಡು ಕೇಳುತ್ತ, ಇನ್ನೊಂದು ಫೋನಿನಲ್ಲಿ ತನ್ನ ದನಿಯನ್ನಷ್ಟೇ ತುಂಬಿಸಿ ಕಳಿಸುವಳು. ಮೆಸೇಜಿನಲ್ಲಿ ಹಾಗೇ ಕಳಿಸಿದರೆ ದನಿ ಹಿಂಡಿ ಸಿಪ್ಪೆಯಾಗಿ ಬರುತ್ತದೆಂದು ಕಲಿಯಲು ನಾವು ಒಂದೆರಡು ತುಣುಕು ಹಾಳು ಮಾಡಬೇಕಾಯಿತು. ಆಮೇಲೆ ಅಲ್ಲೇ ಕಾಗದಪತ್ರ ಕಳಿಸುವ 'ಡಾಕ್ಯುಮೆಂಟ್' ದಾರಿಯಲ್ಲಿ, ಹಿಂಡದ ಕಡತವಾಗಿ ಕಳಿಸತೊಡಗಿದೆವು. ಅಂಥ ದೊಡ್ಡ ಕಡತ ಹೋಗಲು ನಮ್ಮೂರಲ್ಲಿ ನೀರಿನ ಟಾಕಿ ಹತ್ತಬೇಕು. ನಾನು ಟಾಕಿಯ ಮೇಲೆ ಕೂತಿರುವುದನ್ನು ನೋಡಿ ಕೆಳಗಿಂದ ಹೋಗುವವರು, "ಏನ್ ಮಾಸ್ತರ, ಇವತ್ತ ಹಾಡು ಹೋತೋ ಇಲ್ಲೋ?" ಎಂದು ಕೇಳುವುದು ರೂಢಿಯಾಯಿತು.

ನನ್ನ ಕೋಣೆ ತೊಗರಿ ಚೀಲ ಒಟ್ಟುವ ಕೋಣೆ. ಮೂರು ಗೋಡೆಗೆ ಚೀಲ, ನಾಲ್ಕನೆಯದಕ್ಕೆ ಆಯಿ ಹೊಲಿದ ಕೌದಿ. ಊರೆಲ್ಲ ಹೊಲಕ್ಕೆ ಹೋಗಿ ಗದ್ದಲ ಇಲ್ಲದ ಹೊತ್ತು ಎಂದರೆ ಮಧ್ಯಾಹ್ನ. ಬಾಗಿಲು ಹಾಕಿ, ಫ್ಯಾನು ಬಂದ್ ಮಾಡಿ ಕೂರುತ್ತಿದ್ದೆ. ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ನನ್ನ ಸಿಂಥಸೈಜರಿಗೆ ಬಿಸಿಲು ಆಗಿಬರುತ್ತಿರಲಿಲ್ಲ. ಕೋಣೆ ಕಾದಂತೆ ಅದರ ಶ್ರುತಿ ಸರಿಯುತ್ತಿತ್ತು. ಹನ್ನೆರಡಕ್ಕೆ ಕೂಡಿಸಿದ ಎರಡು ಸ್ವರ ಎರಡು ಗಂಟೆಗೆ ಒಂದನ್ನೊಂದು ನೋಡುತ್ತಿರಲಿಲ್ಲ. ಪ್ರತಿ ಸುತ್ತಿಗೂ ಮುಂಚೆ ತಿದ್ದಬೇಕು. ತೊಗರಿಯನ್ನು ಪೇಟೆಗೆ ಒಯ್ದ ಮರುದಿನ ಕೂತರೆ ಮಂದ್ರದ ಸ್ವರಗಳೆಲ್ಲ ಗೋಡೆಗೆ ಬಡಿದು ಬಾವಿಯೊಳಗೆ ಕೊಡ ಬಿದ್ದಂತೆ ಕೇಳತೊಡಗಿದವು. ಸ್ಪೀಕರು ಕೆಟ್ಟಿತೆಂದು ಬಿಚ್ಚಿದೆ, ಏನೂ ಆಗಿರಲಿಲ್ಲ. ಚೀಲ ಹೋಗಿದ್ದವು, ಅಷ್ಟೆ. ಎರಡು ತಿಂಗಳು ಆ ಚೀಲಗಳ ನಡುವೆ ಕೂತು ಹದ ಮಾಡಿದ್ದೆಲ್ಲ ಸುಳ್ಳು ಹದವೇ ಎನ್ನುವ ಸಂಶಯ ಬಂದು, ಮನೆಯಲ್ಲಿದ್ದ ಅಷ್ಟೂ ಕೌದಿ ತಂದು ಗೋಡೆಗೆ ಹೊಡೆದು, ಮೊದಲಿಂದ ಮಾಡಿದೆ.

ಈ ಹೊತ್ತಿಗೆ ಪುಣೆಯಿಂದ ಫೋನ್ ಬಂದಿತ್ತು. ಸಣ್ಣ ಸಣ್ಣ ಬ್ಯಾಂಡುಗಳ ಹಾಡು ಹೊರತರುವ ಒಬ್ಬರು ನಾವು ಇಂಟರ್ನೆಟ್ಟಿಗೆ ಹಾಕಿದ್ದ ಒಂದು ತುಣುಕು ಕೇಳಿದ್ದರು. ಮಳೆಗಾಲ ಹಿಡಿಯುವ ಮುಂಚೆ ಐದು ಹಾಡು ಕೊಟ್ಟರೆ ಒಟ್ಟಿಗೆ ಬಿಡುಗಡೆ ಮಾಡುವುದಾಗಿ ಹೇಳಿದರು. ನಾನು ಟಾಕಿಯಿಂದ ಇಳಿಯುವಾಗ ಕೊನೆಯ ಎರಡು ಮೆಟ್ಟಿಲು ಜಿಗಿದೆ. ಮನೆಗೆ ಬಂದರೆ ಹೇಳಲು ಆಯಿಯೊಬ್ಬಳೇ ಇದ್ದಳು. ಆಕೆಗೆ ಪುಣೆ ಗೊತ್ತಿತ್ತು, ಬಿಡುಗಡೆ ಗೊತ್ತಿರಲಿಲ್ಲ. "ಯಾರನ್ನ ಬಿಡಗಡಿ ಮಾಡ್ತಾರೋ?" ಎಂದಳು.

ಆ ಐದರಲ್ಲಿ ಮೊದಲ ಹಾಡು ತಂಗಿಯೇ ಕಟ್ಟಿದ್ದು. ಲ್ಯಾಬಿನ ಬಾಗಿಲಲ್ಲಿ ರಿಪೋರ್ಟಿಗಾಗಿ ಕೂತವರ ಹಾಡು. ಒಳಗಿಂದ ಒಬ್ಬೊಬ್ಬರ ಹೆಸರು ಕರೆಯುತ್ತಾರೆ, ಕೂತವಳು ಪ್ರತಿ ಸಲ ಸೆರಗು ಸರಿಮಾಡಿಕೊಂಡು ಏಳಲು ಹೋಗುತ್ತಾಳೆ. "ಹೆಸರ ಕರದ್ರು, ನಂದಲ್ಲ" ಎಂಬುದು ಅದರ ಪಲ್ಲವಿ. ನಾನು ಕಳಿಸಿದ ವಾದ್ಯದ ಕಡತ ಮೂರು ನಿಮಿಷ ಇಪ್ಪತ್ತು ಸೆಕೆಂಡಿನದು. ತಂಗಿ ಕಳಿಸಿದ ದನಿ ಐದು ನಿಮಿಷ ದಾಟಿತ್ತು.

ತೆರೆದು ನೋಡಿದೆ. ಒಂದು ಸಾಲು ಹಾಡುತ್ತಾಳೆ, ಆಮೇಲೆ ಸುಮ್ಮನೆ. ಬಹಳ ಹೊತ್ತು ಸುಮ್ಮನೆ. ಮತ್ತೆ ಒಂದು ಸಾಲು, ಮತ್ತೆ ಸುಮ್ಮನೆ. ನನ್ನ ಸುತ್ತು ನಾಲ್ಕು ಆವರ್ತಕ್ಕೊಮ್ಮೆ ತಿರುಗಿ ಬರುವುದರಿಂದ ಆಕೆ ಎಲ್ಲಿ ಎತ್ತಿದರೂ ಸ್ವರಕ್ಕೆ ಕೂಡುತ್ತಿತ್ತು. ಆದರೆ ಹೀಗೆ ಬಿಟ್ಟುಬಿಟ್ಟು ಹಾಡಿದ್ದರಿಂದ ಹಾಡು ಇನ್ನೂ ಉಳಿದಿರುವಾಗಲೇ ವಾದ್ಯ ಮುಗಿದುಹೋಗಿತ್ತು. ಉಳಿದದ್ದನ್ನು ಆಕೆ ಕಿವಿಯಲ್ಲಿ ಏನೂ ಇಲ್ಲದೆ, ಬರಿಯ ಮೌನದ ಮೇಲೆ ಹಾಡಿ ಮುಗಿಸಿದ್ದಳು.

ಎಣಿಕೆ ತಪ್ಪಿದೆ ಎಂದುಕೊಂಡೆ. ಮೆಷಿನ್ನಿನ ಜೊತೆ ಹಾಡಿ ರೂಢಿಯಿಲ್ಲ, ಪಾಪ, ಅಳುಕುತ್ತಾಳೆ. ಫೋನ್ ಮಾಡಿ ಕೇಳಬಹುದಿತ್ತು. ಕೇಳಿದರೆ ಮನಸ್ಸಿಗೆ ಹಚ್ಚಿಕೊಂಡಾಳು ಎಂದು ಬಿಟ್ಟೆ. ಈಗ ನೆನೆದರೆ ಅದಷ್ಟೇ ಕಾರಣವಲ್ಲ. ನಾನು ಸರಿಮಾಡಬಲ್ಲೆ ಎನ್ನುವ ಹಮ್ಮೂ ಇತ್ತು.

ಖಾಲಿ ಜಾಗಗಳನ್ನೆಲ್ಲ ಕತ್ತರಿಸಿದೆ. ಸಾಲಿಗೆ ಸಾಲು ತಂದು ಜೋಡಿಸಿದೆ. ಹಾಗೆ ಜೋಡಿಸುವಾಗ ಸಾಲಿನ ಮೊದಲಿಗೆ ಆಕೆ ಎಳೆದುಕೊಳ್ಳುವ ಉಸಿರು ಹಿಂದಿನ ಸಾಲಿನ ಬಾಲದ ಮೇಲೆ ಬೀಳುತ್ತಿತ್ತು. ಅದನ್ನೂ ಅಳಿಸಿದೆ. ಎಲ್ಲಿ ಹೆಣಿಗೆ ಹಾಕಿದ್ದೇನೆಂದು ನನಗೇ ಮರುದಿನ ಗುರುತು ಸಿಗಲಿಲ್ಲ, ಅಷ್ಟು ನಯ. ಉಳಿದ ನಾಲ್ಕು ಹಾಡುಗಳೂ ಹಾಗೇ ಬಂದವು, ನಡುನಡುವೆ ಖಾಲಿ ಬಿಟ್ಟುಕೊಂಡು. ಹಾಗೇ ಕತ್ತರಿಸಿದೆ. ಸುಮಾರು ನಲವತ್ತು ಮಧ್ಯಾಹ್ನ ಆ ಕೋಣೆಯಲ್ಲಿ ಇಯರ್‌ಫೋನು ಹಾಕಿಕೊಂಡು ಕೂತಿದ್ದೆ. ಕಿವಿಯೊಳಗೆ ಮೂರು ಮಂದಿ, ಕೋಣೆಯೊಳಗೆ ನಾನೊಬ್ಬ. ಇಯರ್‌ಫೋನು ತೆಗೆದರೆ ಬೆವರು ಕುತ್ತಿಗೆಯಿಂದ ಇಳಿಯುವುದು ತಿಳಿಯುತ್ತಿತ್ತು, ಹೊರಗೆ ಯಾರದೋ ಪಂಪ್‌ಸೆಟ್ಟು ನಡೆಯುತ್ತಿತ್ತು. ಆ ದಿನಗಳಲ್ಲಿ ತಂಗಿಯ ದನಿಯ ಒಂದೊಂದು ಎಳೆ ನನಗೆ ಬಾಯಿಪಾಠ. ಆಕೆಯ ಜೊತೆ ಎರಡು ಮಾತು ಆಡಿದ್ದು ನೆನಪಿಲ್ಲ.

ಪುಣೆಯವರು ಐದೂ ಹಾಡು ಕೇಳಿ ಒಪ್ಪಿದರು. ಆಮೇಲಷ್ಟೇ ದೋಸ್ತನಿಗೂ ತಂಗಿಗೂ ಕಳಿಸಿದೆ. ದೋಸ್ತ ಕುಣಿದ. ತಂಗಿಯಿಂದ ಮೂರು ದಿನ ಉತ್ತರವಿಲ್ಲ. ನಾಲ್ಕನೆಯ ದಿನ ಊಟದ ಹೊತ್ತಿಗೆ ಲ್ಯಾಬಿನಿಂದ ಫೋನ್ ಮಾಡಿದಳು.

"ಅಣ್ಣಾ, ಕೇಳ್ದೇರಿ."

"ಹ್ಯಾಂಗದ?"

ಹಿಂದೆ ಯಾವುದೋ ಯಂತ್ರ ಗುಂಯ್ ಎನ್ನುತ್ತಿತ್ತು. "ಇದು ಯಾರ್ರಿ ಹಾಡಿದ್ದು?" ಎಂದಳು.

"ನೀನ ಅಲ್ಲೇನು?"

"ನಾ ಹಿಂಗ ಹಾಡಂಗಿಲ್ರಿ. ಇಕಿ ಉಸಿರ ತಗೊಳಂಗಿಲ್ಲ. ಬಸ್ ತಪ್ತದ ಅನ್ನೋರಂಗ ಓಡಾಕತ್ಯಾಳ."

ನಾನು ನಕ್ಕೆ. "ನೀ ನಡುನಡುವ ಭಾಳ ಬಿಟ್ಟಿದ್ದಿ ತಂಗಿ. ವಾದ್ಯ ಮುಗದ ಮ್ಯಾಲೂ ಹಾಡಾಕತ್ತಿದ್ದಿ. ಒಂದೀಟು ಸರಿ ಮಾಡೇನಿ, ಅಷ್ಟ."

"ಬಿಟ್ಟಿದ್ದು ನಿಮಗ್ರಿ!" ಎಂದಳು. ದನಿ ಏರಲಿಲ್ಲ, ಆದರೆ ನಾನು ನಗುವುದನ್ನು ನಿಲ್ಲಿಸಿದೆ. "ನೀವಿಬ್ರೂ ಹಿಂದ ಹಾಡ್ತೀರಿ ಅಂತ ಜಾಗಾ ಬಿಟ್ಟಿದ್ದೆ. ಐದೂ ಹಾಡಿನಾಗ ಬಿಟ್ಟೇನಿ. ಇವತ್ತ ಕಳಿಸ್ತಾರ, ನಾಳಿಗಿ ಕಳಿಸ್ತಾರ ಅಂತ ಕಾಯಾಕತ್ತಿದ್ದೆ. ಮನ್ಯಾಗ ಅವ್ವನೂ ಕೇಳ್ತಿದ್ಳು, ಅವ್ರು ಹಾಡಿದ್ರೇನವಾ ಅಂತ."

ನಾನು ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ಒಂದ ಮಾತು ನನ್ನ ಕೇಳಬೇಕಾಗಿತ್ತಲ್ರಿ ಅಣ್ಣಾ."

"ತಂಗಿ, ನಾ..."

"ಇರ್ಲಿ ಬಿಡ್ರಿ. ನನ್ನ ದನಿ ತಗದುಬಿಡ್ರಿ. ನಿಮ್ಮ ಮೆಷಿನ್ ಚಲೋ ಅದಾವ, ಅವನ್ನ ಕಳಿಸ್ರಿ ಪುಣೇಕ್ಕ." ಯಾರೋ ಒಳಗಿಂದ ಕರೆದರು. ಫೋನ್ ಇಟ್ಟಳು.

ಭಜನೆಯಲ್ಲಿ ಮುಂದಿನವರು ಒಂದು ಸಾಲು ಹಾಡಿ ಬಿಟ್ಟರೆ, ಹಿಂದೆ ಕೂತ ಹಿಮ್ಮೇಳದವರು ಅದೇ ಸಾಲನ್ನು ಎತ್ತಿ ಹಾಡುತ್ತಾರೆ. ಅವರು ಮುಗಿಸುವ ತನಕ ಮುಂದಿನವರು ಕಾಯುತ್ತಾರೆ. ಇದು ನನಗೆ ಗೊತ್ತಿರದ ಸಂಗತಿಯೇ? ಆಯಿ ಮದುವೆಗಳಲ್ಲಿ ಸೋಬಾನೆ ಹೇಳುವಾಗ ಆಕೆಯ ಸೆರಗು ಹಿಡಿದು, ಹೆಂಗಸರು ಹಾಗೇ ಹಿಂದೆ ಎತ್ತಿಕೊಳ್ಳುವುದನ್ನು ಕೇಳುತ್ತ ಬೆಳೆದವನು ನಾನು. ಕೊಳಕೂರಲ್ಲಿ ಮೈಕ್ ಸೆಟ್ ಸರಿಮಾಡಿದ ದಿನವೂ ಪರೀಕ್ಷೆಗೆಂದು ತಂಗಿಯಿಂದ ಹಾಡಿಸಿದಾಗ, ಆಕೆ ಒಂದು ಸಾಲು ಹಾಡಿ ನಿಲ್ಲಿಸಿದ್ದಳು. ಮುಗಿಯಿತೆಂದುಕೊಂಡು ನಾನು ವೈರು ಸುತ್ತಿಕೊಂಡಿದ್ದೆ. ಸೋಬಾನೆಯ ಹೆಂಗಸರ ನಡುವೆ ಕೂತಾಗ ಗೊತ್ತಿದ್ದದ್ದು ಕಿವಿಗೆ ಮೆಷಿನ್ನಿನ ಟಿಕ್ ಟಿಕ್ ಹಾಕಿಕೊಂಡ ಮೇಲೆ ಹೇಗೆ ಮರೆತುಹೋಯಿತೋ ಹೇಳಲಾರೆ.

ಮರುದಿನ ಆಕೆ ಕಳಿಸಿದ್ದ ಮೂಲ ಕಡತ ತೆರೆದೆ. ಪುಣ್ಯಕ್ಕೆ ಅಳಿಸಿರಲಿಲ್ಲ. ಒಂದೊಂದು ಖಾಲಿ ಜಾಗವನ್ನೂ ಅಳೆದೆ. ಹಾಡಿದ ಸಾಲು ಎಷ್ಟು ಉದ್ದವೋ ಖಾಲಿಯೂ ಅಷ್ಟೇ ಉದ್ದ: ನಾಲ್ಕು ಆವರ್ತ, ಹತ್ತು ಸೆಕೆಂಡು. ವಾದ್ಯ ಮುಗಿದು ಬರಿಯ ಮೌನದಲ್ಲಿ ಹಾಡಿದ ಭಾಗದಲ್ಲೂ ಒಂದು ಪೆಟ್ಟು ಆಚೀಚೆ ಆಗಿರಲಿಲ್ಲ. ದನಿಯನ್ನು ಪೂರ್ತಿ ಏರಿಸಿ ಕೇಳಿದಾಗ, ಖಾಲಿಯೊಳಗೆ ಬೆರಳಿನಿಂದ ಹಲಗೆಯ ಮೇಲೆ ಸಣ್ಣಗೆ ತಾಳ ಹಾಕುವ ಸದ್ದು ಕೇಳಿಸಿತು. ಎಣಿಕೆ ತಪ್ಪಿದ್ದು ಆಕೆಗಲ್ಲ. ಇಲ್ಲದವರು ಹಾಡಿ ಮುಗಿಸುವ ತನಕ ಆಕೆ ಎಣಿಸುತ್ತ ಕೂತಿದ್ದಳು. ನಾನು ಅದನ್ನು ಐದು ಹಾಡಿನಲ್ಲಿ, ಒಂದೊಂದೇ ಹುಡುಕಿ, ಮುಚ್ಚಿದ್ದೆ.

ಆದರೂ ಮೊದಲು ನಾನು ಹಿಡಿದದ್ದು ಅಡ್ಡದಾರಿಯೇ. ಖಾಲಿ ಜಾಗಗಳನ್ನು ಮತ್ತೆ ತೆರೆದು, ಆಕೆಯ ಸಾಲನ್ನು ಸಿಂಥಸೈಜರಿನಲ್ಲಿ ನುಡಿಸಿ ಅಲ್ಲಿ ತುಂಬಿದೆ. ಎರಡು ಸ್ವರಗಳನ್ನು ಒಂದಕ್ಕೊಂದು ಕೂದಲೆಳೆ ಸರಿಸಿ ಹತ್ತು ಮಂದಿ ಒಟ್ಟಿಗೆ ಗುನುಗುವಂತೆ ಮಾಡಿದೆ. ಒಂದು ವಾರದ ಕೆಲಸ. ನಿಜವಾಗಿ ಚೆನ್ನಾಗಿತ್ತು. ಆಕೆಗೆ ಕಳಿಸಿದೆ. ಒಂದೇ ಸಾಲು ಬಂತು: "ಚಲೋ ಅದರಿ. ಆದ್ರ ನಾ ಕೇಳಿದ್ದು ಇದಲ್ಲ."

ಆ ದಿನವೇ ದೋಸ್ತನಿಗೆ ಫೋನ್ ಮಾಡಿ, ಪುಣೆಯವರಿಗೆ ತಡೆಯಲು ಹೇಳುತ್ತೇನೆ, ಮತ್ತೆ ಹಾಡೋಣ ಎಂದೆ.

"ಲೇ, ನಿನ್ನ ದಿಮಾಗ್ ಜಾಗಾದಾಗ ಅದನಾ? ಅವ್ರು ಹ್ಞೂ ಅಂದಾರ. ಈಗ ಹೋಗಿ ಹಾಡು ಐದೂವರಿ ನಿಮಿಷ ಅಂತೀ, ಅದ್ರಾಗ ಅರ್ಧ ಖಾಲಿ. ಖಾಲಿ ಯಾರ ಕೇಳ್ತಾರೋ?"

"ಖಾಲಿ ಅಲ್ಲೋ. ನಾವಿಬ್ರೂ ಹಾಡಬೇಕು."

"ನಾವಾ?" ಅವನು ಎಷ್ಟು ನಕ್ಕನೆಂದರೆ ಅಂಗಡಿಯಲ್ಲಿದ್ದ ಗಿರಾಕಿ ಏನಾಯಿತೆಂದು ಕೇಳಿದ್ದು ನನಗೂ ಕೇಳಿಸಿತು. "ನೀ ಹಾಡಿದ್ರ ಎಮ್ಮಿ ಹಾಲ ಏರಸ್ತದ, ಹಿಂಡಾಕ ಕೊಡಂಗಿಲ್ಲ ಅಂತ ನಿಮ್ಮ ಆಯೀನ ಅಂದಾಳ. ನಾ ಕೇಳೇನಿ."

"ಆಕಿ ಇಲ್ದ ಬ್ಯಾಂಡ್ ಅದನೇನು?"

ನಗು ನಿಂತಿತು. "ಇಲ್ಲ" ಎಂದ. ಗಿರಾಕಿಯನ್ನು ಕಳಿಸಿ ಬಂದು, "ಖರೇ ಹೇಳ್ಲ್ಯಾ? ಇಂಥಾ ಫೋನು ಮತ್ತ ಬರಂಗಿಲ್ಲೋ. ನಮ್ಮಂಥಾ ಊರಿಗೆ ಒಮ್ಮೆ ಬರ್ತದ" ಎಂದ.

ಅದು ನನಗೂ ಗೊತ್ತಿತ್ತು. ಟಾಕಿ ಹತ್ತಿ ಪುಣೆಗೆ ಫೋನ್ ಮಾಡಿದೆ. ನನ್ನ ಹರುಕು ಮುರುಕು ಹಿಂದಿಯಲ್ಲಿ, ದನಿಯನ್ನು ನಾನು ಕೇಳದೆ ಕತ್ತರಿಸಿದ್ದೆ, ಹಾಡುವಾಕೆ ಒಪ್ಪಿಲ್ಲ, ಇನ್ನೊಮ್ಮೆ ಮಾಡಿ ಕಳಿಸುತ್ತೇವೆ, ಉದ್ದವಾಗುತ್ತದೆ, ತಡವಾಗುತ್ತದೆ ಎಂದೆಲ್ಲ ಹೇಳಿದೆ. ಅವರು ಕೆಟ್ಟ ಮನುಷ್ಯರಲ್ಲ, ತಾಳ್ಮೆಯಿಂದ ಕೇಳಿದರು. ಈಗಿರುವುದೇ ಸರಿಯಾಗಿದೆ, ಅಷ್ಟುದ್ದದ ಹಾಡನ್ನು ಯಾರೂ ಕೊನೆತನಕ ಕೇಳುವುದಿಲ್ಲ, ಯೋಚಿಸಿ ಸಂಜೆಗೆ ಹೇಳಿ ಎಂದರು. ಸಂಜೆಯವರೆಗೆ ಕೂರುವ ಧೈರ್ಯ ನನಗಿರಲಿಲ್ಲ, ಕೂತರೆ ಮನಸ್ಸು ತಿರುಗುತ್ತಿತ್ತು. ಆಗಲೇ ಬೇಡ ಎಂದುಬಿಟ್ಟೆ. ಫೋನು ಕಿಸೆಗೆ ಹಾಕಿಕೊಂಡು ಟಾಕಿಯ ಅಂಚಿನಲ್ಲಿ ಕೂತೆ. ಕಣ್ಣು ಹಾಯುವಷ್ಟು ದೂರ ಕರಿ ಹೊಲ, ಬಿತ್ತನೆಗೆ ಹರಗಿ ಬಿಟ್ಟದ್ದು. ಆ ದಿನ ಕೆಳಗಿನಿಂದ ಹೋದವರು ಯಾರೂ ನನ್ನನ್ನು ಏನೂ ಕೇಳಲಿಲ್ಲ.

ಎರಡು ಭಾನುವಾರ ಬಿಟ್ಟು ಸಿಂಥಸೈಜರನ್ನು ಕೌದಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಕೊಳಕೂರಿಗೆ ಹೋದೆ. ಬರುತ್ತೇವೆಂದು ಹೇಳಿ ಕಳಿಸಿದ್ದಕ್ಕೆ ತಂಗಿ 'ಬರ್ರಿ' ಎಂದಷ್ಟೇ ಉತ್ತರಿಸಿದ್ದಳು. ದೋಸ್ತ ಜೇವರ್ಗಿ ಬಸ್ ನಿಲ್ದಾಣದಲ್ಲಿ ಸಿಕ್ಕ. ಅಂಗಡಿ ಮುಚ್ಚಿ ಬಂದಿದ್ದ. ಮೆಷಿನ್ನಿನ ಚೀಲ ಹೆಗಲಿಗಿತ್ತು, ಮುಖ ಆಚೆ ಇತ್ತು.

ತಂಗಿಯ ಅವ್ವ ಬಾಗಿಲಲ್ಲೇ, "ಬರ್ರಿ ಬರ್ರಿ. ಅಂತೂ ಮೂರು ತಾಲೂಕು ಒಂದ ಮನಿಗಿ ಬಂದ್ವು" ಎಂದರು. ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ ಬಡಿಸಿದರು. ತಂಗಿ ಬಡಿಸುವಾಗ ನನ್ನತ್ತ ನೋಡಲಿಲ್ಲ. ಊಟ ಆದ ಮೇಲೆ ನಾನು ಎಲ್ಲರೆದುರು, "ತಂಗಿ, ತಪ್ಪು ನಂದು. ನಾ ಕೇಳಬೇಕಾಗಿತ್ತು" ಎಂದೆ. ಆಕೆ ತಟ್ಟೆ ಎತ್ತುತ್ತ, "ಆತು ಬಿಡ್ರಿ. ಹಾಡಾಕ ಬಂದೀರೋ, ಮಾತಾಡಾಕ ಬಂದೀರೋ?" ಎಂದಳು.

ಪಡಸಾಲೆಯಲ್ಲಿ ಕೂತೆವು. ಆಕೆಯ ಮುಂದೊಂದು ಮೈಕು, ನಮ್ಮಿಬ್ಬರ ನಡುವೆ ಒಂದು. ಫ್ಯಾನು ಬಂದ್. ಮೇಳದ ಹಳಬರು ಯಾರಾದರೂ ಇದ್ದಾರೆಯೇ, ಅವರನ್ನೇ ಕರೆದರೆ ಹೇಗೆ ಎಂದು ದೋಸ್ತ ಕೇಳಿದ. ಮುತ್ಯಾ ತೀರಿದ ಮೇಲೆ ಮೇಳ ಕೂತದ್ದೇ ಇಲ್ಲ ಎಂದಳು ತಂಗಿ. "ನಾ ಒಬ್ಬಾಕೀನ ಹಾಡ್ತಿದ್ದೆ. ಅಡಗಿ ಮನ್ಯಾಗ. ಹಿಂದ ಯಾರೂ ಎತ್ತಿಕೊಳ್ಳಂಗಿಲ್ಲ, ಆದ್ರೂ ಅಷ್ಟ ಹೊತ್ತು ಬಿಟ್ಟ ಮುಂದಿನ ಸಾಲು. ರೂಢಿ." ಅಷ್ಟು ಹೇಳಿ ಇಯರ್‌ಫೋನು ಬೇಡವೆಂದು ಸರಿಸಿಟ್ಟಳು.

ಮೊದಲ ಸಲ. ಆಕೆ ಹಾಡಿದಳು: ಹೆಸರ ಕರದ್ರು, ನಂದಲ್ಲ. ನಾನು ಬಾಯಿ ತೆರೆದೆ, ದನಿ ಬರಲಿಲ್ಲ. ದೋಸ್ತ ನನ್ನ ಮುಖ ನೋಡಿ ನಗು ತಡೆಯಲಾರದೆ ಬಾಯಿಗೆ ಟವೆಲ್ ಒತ್ತಿಕೊಂಡ. ತಂಗಿ ನಿಲ್ಲಿಸಲಿಲ್ಲ. ಪೂರ್ತಿ ನಾಲ್ಕು ಆವರ್ತ ಕಾದು ಮುಂದಿನ ಸಾಲು ಹಾಡಿದಳು. ಮತ್ತೆ ಕಾದಳು. ಎರಡನೆಯ ಸಲ ದೋಸ್ತ ಎತ್ತಿದ, ಸಿನೆಮಾದವರ ಹಾಗೆ ಕುಣಿಸಿ ಕುಣಿಸಿ. ಮೂರನೆಯ ಸಲ ನಾನು ಶ್ರುತಿ ಹುಡುಕುತ್ತ ಹುಡುಕುತ್ತ ಸಾಲನ್ನೇ ಕಳೆದುಕೊಂಡೆ. ಸಿಂಥಸೈಜರು ಕೂಡ ಸೆಕೆಗೆ ಸರಿದು ಎಲ್ಲಿಗೋ ಹೋಗಿತ್ತು. ಅದನ್ನು ತಿದ್ದುವ ನೆವದಲ್ಲಿ ತಲೆ ತಗ್ಗಿಸಿ ಕೂತೆ.

"ಅಣ್ಣಾ" ಎಂದಳು ತಂಗಿ, "ಚಂದ ಹಾಡಬ್ಯಾಡ್ರಿ. ಚಂದ ಹಾಡೂದು ನನ್ನ ಕೆಲಸ. ನೀವು ಕೇಳೀವಿ ಅಂತ ಹೇಳ್ರಿ, ಸಾಕು."

"ಕೇಳೀವಿ ಅಂತ ಹ್ಯಾಂಗ ಹೇಳೂದು ಬೇ?" ಎಂದ ದೋಸ್ತ.

"ನಾ ಅಂದಿದ್ದ ಮತ್ತ ಅನ್ರಿ. ಮನಿ ಮುಂದ ನಿಂತು ಮಾತಾಡಿದಂಗ."

ಮಧ್ಯಾಹ್ನ ಸರಿದು ಬಿಸಿಲು ಅಂಗಳ ಬಿಡುವ ಹೊತ್ತಿಗೆ ಹಾಡು ಆಯಿತು. ಎಷ್ಟನೆಯ ಸಲವೋ ಲೆಕ್ಕವಿಲ್ಲ. ನಮ್ಮ ದನಿಗಳು ಒರಟು, ಒಂದೆರಡು ಕಡೆ ದೋಸ್ತ ಮುಂದೆ ಓಡುತ್ತಾನೆ, ನಾನು ಹಿಂದೆ ಬೀಳುತ್ತೇನೆ. ನಾನು ಏನನ್ನೂ ಕತ್ತರಿಸಲಿಲ್ಲ. ತಂಗಿ ಪೂರ್ತಿ ಕೇಳಿ ತಲೆಯಾಡಿಸಿದಳು. ಆಮೇಲೆ ತನ್ನ ಮಾತು ಹೇಳಿದಳು: "ಇನ್ನ ಮ್ಯಾಲ ನಾ ಒಬ್ಬಾಕೀನ ಕುಂತು ಫೋನಿನಾಗ ಹಾಡಂಗಿಲ್ರಿ. ಮೂರೂ ಮಂದಿ ಕೂಡಿದಾಗ ಹಾಡು. ಇಲ್ಲಂದ್ರ ಇಲ್ಲ."

ಒಪ್ಪಿದೆವು. ಒಪ್ಪಿದ್ದರ ಅರ್ಥ ಮನೆಗೆ ಹೋಗುವ ಬಸ್ಸಿನಲ್ಲಿ ತಿಳಿಯಿತು. ಮೂವರಿಗೂ ಬಿಡುವು ಕೂಡುವ ಭಾನುವಾರ ಎಂದರೆ ಎರಡು ತಿಂಗಳಿಗೊಂದು. ಮದುವೆ ಸೀಸನ್ನಿನಲ್ಲಿ ಅದೂ ಇಲ್ಲ. ಐದು ಹಾಡಿಗೆ ಒಂದು ವರ್ಷದ ಮೇಲೆ ಹಿಡಿಯಿತು. ನಾವೇ ಇಂಟರ್ನೆಟ್ಟಿಗೆ ಹಾಕಿದೆವು. ಬಹಳ ಜನ ಕೇಳಲಿಲ್ಲ. ಪುಣೆಯವರು ಹೇಳಿದ್ದು ಸುಳ್ಳಲ್ಲ, ಅರ್ಧಕ್ಕೇ ಬಿಟ್ಟವರೇ ಹೆಚ್ಚು. ನಡುವಿನ ದಿನಗಳಲ್ಲಿ ನನ್ನ ಕೋಣೆಯಲ್ಲಿ ಸುತ್ತು ಕಟ್ಟುತ್ತ ಕೂರುತ್ತಿದ್ದೆ. ಈಗ ಕಿವಿಯೊಳಗೂ ಯಾರೂ ಇಲ್ಲ. ಕಟ್ಟುವಾಗಲೇ ಸಾಲಿಗೊಂದರಂತೆ ಜಾಗ ಬಿಟ್ಟು ಕಟ್ಟಬೇಕು, ಆ ಜಾಗ ಎರಡು ತಿಂಗಳು ಹಾಗೇ ಖಾಲಿ ಸುತ್ತುತ್ತಿರುತ್ತದೆ. ಒಂದೊಂದು ದಿನ ಅದನ್ನು ಕೇಳುತ್ತ ಕೂರುವುದು ಬಲು ಭಾರ. ತುಂಬಲು ಕೈ ಹೋಗುತ್ತಿತ್ತು. ಎದ್ದು ಹೊರಗೆ ಹೋಗಿ ನೀರು ಕುಡಿದು ಬರುತ್ತಿದ್ದೆ.

ಕಲಬುರಗಿಯ ಒಂದು ಸಣ್ಣ ಸಭಾಂಗಣದಲ್ಲಿ ಜನರೆದುರು ಮೊದಲ ಸಲ ನುಡಿಸಿದ್ದು ಅದಾದ ಮೇಲೆ. ಸಂಜೆಯ ಹೊತ್ತು. ಕುರ್ಚಿ ಬಹಳ, ಮಂದಿ ಕಡಿಮೆ; ಹೆಚ್ಚಿನವರು ಕಾಲೇಜು ಹುಡುಗರು, ಗೋಡೆಗೆ ಆನಿಕೊಂಡು ನಿಂತವರು. ಸಿಂಥಸೈಜರಿನ ಪಕ್ಕದಲ್ಲೇ ಮಿಕ್ಸರು, ಎಲ್ಲರ ದನಿ ಏರಿಸಿ ಇಳಿಸುವ ಕೀಲಿಗಳು ನನ್ನ ಕೈಯಳತೆಯಲ್ಲಿ. ಲ್ಯಾಬಿನ ಹಾಡು ಶುರುಮಾಡಿದೆವು. ತಂಗಿ ಮೊದಲ ಸಾಲು ಹಾಡಿ ಬಿಟ್ಟಳು. ನಾವಿಬ್ಬರೂ ಎತ್ತಿದೆವು. ಕೇಳಿಸಿದ್ದು ಒಂದೇ ದನಿ.

ದೋಸ್ತನ ಮೈಕು ಸತ್ತಿತ್ತು. ಅವನು ಬಾಯಿ ಆಡಿಸುತ್ತಿದ್ದ, ಸಭಾಂಗಣದಲ್ಲಿ ಏನೂ ಇಲ್ಲ. ಆ ದೊಡ್ಡ ಸ್ಪೀಕರುಗಳಲ್ಲಿ ನನ್ನದೊಂದೇ ದನಿ, ಎಮ್ಮೆ ಹಾಲು ಏರಿಸುವ ದನಿ, ಶ್ರುತಿಗಿಂತ ಒಂದು ಕೂದಲೆಳೆ ಕೆಳಗೆ. ಗೋಡೆಯ ಕಡೆಯಿಂದ ಯಾರೋ ಕಿಸಕ್ಕನೆ ನಕ್ಕರು. ಇನ್ನೊಬ್ಬರು ಜೊತೆಗೂಡಿದರು. ನನ್ನ ಎಡಗೈ ತಾನಾಗಿಯೇ ನನ್ನ ಮೈಕಿನ ಕೀಲಿಯ ಮೇಲೆ ಹೋಗಿ ಕೂತಿತ್ತು. ಒಂದು ಬೆರಳು ಇಳಿಸಿದರೆ ಸಾಕು, ವಾದ್ಯ ತುಂಬಿಕೊಳ್ಳುತ್ತಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಸಾಲಿನ್ನೂ ಅರ್ಧ ಉಳಿದಿತ್ತು.

ತಂಗಿ ನನ್ನ ಮುಂದೆ ನಿಂತಿದ್ದಳು, ಬೆನ್ನು ಮಾತ್ರ ಕಾಣುತ್ತಿತ್ತು. ಹಿಂದಿರುಗಿ ನೋಡಲಿಲ್ಲ. ನಕ್ಕವರತ್ತಲೂ ನೋಡಲಿಲ್ಲ. ಪಕ್ಕಕ್ಕೆ ಇಳಿಬಿಟ್ಟ ಕೈಯ ಬೆರಳುಗಳು ಸೀರೆಯ ಮೇಲೆ ತಾಳ ಹಾಕುತ್ತಿದ್ದವು, ಒಂದು ಆವರ್ತ, ಎರಡು, ಮೂರು. ನಾನು ಕೀಲಿಯಿಂದ ಕೈ ತೆಗೆದೆ. ಒಬ್ಬನೇ ಸಾಲು ಮುಗಿಸಿದೆ. ನಾನು ಪೂರ್ತಿ ಮುಗಿಸುವವರೆಗೂ ಆಕೆ ಕಾದಳು. ಆಮೇಲೆ ಉಸಿರೆಳೆದುಕೊಂಡು ಮುಂದಿನ ಸಾಲು ಎತ್ತಿದಳು.